ಸಡಕಿನ ದಂಡಿಗೆ ಬೂದಿ ಗೆರಿ

ಎರಡು ಸಲ ಬಿದ್ದಿದ್ದೆರಿ. ಒಂದು ಸಲ ತೊಗರಿ ಬಂಡಿ ತಾಕಿ ಗಟಾರಕ್ಕ, ಇನ್ನೊಂದು ಸಲ ಲಾರಿಯವ ಭೋಂ ಅಂತ ಹಾರನ್ ಹೊಡದ ಅಂಜಿಕಿಗೆ ಮತ್ತ ಅದೇ ಗಟಾರಕ್ಕ. ಮೊಣಕಾಲು ತರಚಿ ರಕ್ತ ಬಂದದ್ದಕ್ಕ ನಾ ಅಳಲಿಲ್ಲ. ಗಂಜಿನ ಹಮಾಲರು ನಕ್ಕರಲ್ಲ, ಅದಕ್ಕ ಮೈ ಉರೀತು. "ಹೆಂಗಸು ಸೈಕಲ್ ಹೊಡದ್ರ ಹಿಂಗೇ ಆಗೂದು" ಅಂದ ಒಬ್ಬ. "ನಿನ್ನ ಮಗಳಿಗೆ ಅಕ್ಷರ ಕಲಸಾಕಿ ನಾನೇ ಇದ್ದೇನಿ, ನೆನಪಿಟ್ಟುಕೋ" ಅಂದು, ಸೀರಿ ಜಾಡಿಸಿ, ಹ್ಯಾಂಡಲ್ ಸೊಟ್ಟಾದ ಸೈಕಲ್ ತಳ್ಳಿಕೋತ ಸಾಲಿಗೆ ಹೋದೆ.

ನಾ ಶಾಲುಬಾಯಿ. ಮನಿ ಚಿದ್ರಿಯೊಳಗ, ಸಾಲಿ ಗಾಂಧಿ ಗಂಜ ಅನ್ನೋ ಕಾಳಿನ ಪ್ಯಾಟಿ ದಾಟಿ ಆ ಕಡಿಗೆ. ಸೈಕಲ್ ಮ್ಯಾಲ ಹೋಗೋ ಅಕ್ಕೋರು ನಮ್ಮ ಸಾಲಿಗೆ ನಾ ಒಬ್ಬಾಕೀನೇ. ಎರಡು ಕೂಸಿಗೆ ಉಣಿಸಿ, ನಡಕೊಂಡು ಹತ್ತರ ಗಂಟಿಗೆ ಮುಟ್ಟೂದು ಆಗದ ಮಾತು. "ಇನ್ನೊಮ್ಮೆ ಗಂಟಿ ಹೊಡದ ಮ್ಯಾಲ ಬಂದ್ರ ನಿಮ್ಮ ಜಾಗಾಕ್ಕ ಬ್ಯಾರೆಯವರು" ಅಂತ ದೊಡ್ಡ ಅಕ್ಕೋರು ಹೇಳಿಯಾಗಿತ್ತು. ನನ್ನ ಗಂಡ ಪಂಢರಿ ಒಳ್ಳೆಯವರು, ಆದ್ರ ಭಾಳ ಅಂಜುಬುರುಕರು. ಗಾಯಕ್ಕ ಅರಿಶಿಣ ಹಚ್ಚಿಕೋತ ಅಂದ್ರು, "ಶಾಲು, ಮೂರನೇ ಸಲ ಬಿದ್ದೆಂದ್ರ ಸೈಕಲ್ ಮಾರಿಬಿಡ್ತೇನಿ. ನೌಕರಿ ಹೋದ್ರ ಹೋಗಲಿ, ನೀ ಇರಬೇಕು." ಅವರಿಗೇನು, ಹೇಳಿಬಿಟ್ರು. ನನಗ ಆ ನೌಕರಿ ಅಂದ್ರ ಜೀವ.

ಸಡಕು ಸಣ್ಣದಿತ್ತು ಅನ್ನಂಗಿಲ್ರಿ. ನಡುವ ಲಾರಿ, ಮಗ್ಗಲ ಬಂಡಿ, ದಂಡಿಗೆ ಕೈಗಾಡಿ. ಸೈಕಲ್ಲಿನವರಿಗೆ ಉಳಿದದ್ದು ಗಟಾರ. ದಂಡಿಗೆ ನಾಕು ಹೆಜ್ಜಿ ಜಾಗಾ ನಮಗ ಬಿಟ್ಟುಕೊಡ್ರಿ, ಇಷ್ಟೇ ನಾವು ಕೇಳಿದ್ದು. ಟಪಾಲು ಹಂಚೋ ಅಯ್ಯುಬನಿಂದ ಹಿಡಿದು ನಲವತ್ತು ಮಂದಿ ಸಹಿ ಹಾಕಿದರು. ಅರ್ಜಿ ಬರೆದವರು ಕಚೇರಿ ಮುಂದ ಕೂಡೋ ಫಕ್ರೋದ್ದೀನ ಚಾಚಾ. ಉರ್ದುದಾಗ ಮುತ್ತು ಪೋಣಿಸಿದಂಗ ಬರೆದು, ಮಡಚಿ, ಮೂವತ್ತು ವರ್ಷದ ರೂಢಿ ನೋಡ್ರಿ, ಸೀದಾ ಹೈದರಾಬಾದಿಗೆ ಹಾಕಿಬಿಟ್ರು!

ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿ ಆಗ ಇಪ್ಪತ್ತು ದಿನ. ಸೇರಿದ ದಿನ ಕಚೇರಿ ಮುಂದ ಪೇಡೆ ಹಂಚಿದವರೂ ಇದೇ ಚಾಚಾ. ಮೂರು ತಿಂಗಳು ದಾರಿ ಕಾದ ಮ್ಯಾಲ ಅರ್ಜಿ ತಿರುಗಿ ಬಂತು, ಮೂಲ್ಯಾಗ ಒಂದೇ ಸಾಲು: ನಿಮ್ಮ ಜಿಲ್ಲಾ ಈಗ ನಮ್ಮ ಕಡಿಗೆ ಇಲ್ಲ.

"ಚಾಚಾ, ಪೇಡೆ ಹಂಚಿದ ಕೈಗೆ ಇಷ್ಟೂ ಗೊತ್ತಾಗಲಿಲ್ಲೇನು?" ಅಂತ ಒದರಿದೆ.

"ತೌಬಾ ಬೇಟಿ" ಅಂತ ಗಲ್ಲ ಬಡಕೊಂಡ್ರು. "ತಲಿ ಮೈಸೂರಿಗೆ ಸೇರೇದ, ಕೈ ಇನ್ನೂ ಹೈದರಾಬಾದಿನಾಗ ಅದ."

ನಗು ಬಂತು, ಸಿಟ್ಟು ಹೋಗಲಿಲ್ಲ. ಹೊಸ ಅರ್ಜಿ ನಾನೇ ಕನ್ನಡದಾಗ ಬರೆದೆ, ಚಾಚಾ ಬೆಂಗಳೂರಿನ ವಿಳಾಸ ಹಾಕಿದರು. ಆದ್ರ ತೊಗರಿ ಸುಗ್ಗಿ ಬೆಂಗಳೂರಿನ ಉತ್ತರಕ್ಕ ಕಾಯ್ತದೇನ್ರಿ? ಭಾಲ್ಕಿ ಕಡಿಯಿಂದ, ಔರಾದ ಕಡಿಯಿಂದ ಬಂಡಿ ಮ್ಯಾಲ ಬಂಡಿ ಬರಲಿಕ್ಕತ್ತಿದ್ವು.

ಒಂದು ಸಂಜಿ ಸಾಲಿಯಿಂದ ಬರೂಮುಂದ ನೋಡಿದೆ: ಯಾವುದೋ ಚೀಲ ಹರಿದು ತೊಗರಿ ಸಡಕಿನ ಮ್ಯಾಲ ಚೆಲ್ಲಿತ್ತು. ಹಿಂದಿನ ಬಂಡಿಯವ ಎತ್ತು ನಿಲ್ಲಿಸಿದ, ಇಳಿದ, ಚಪ್ಪಲಿ ಬಿಟ್ಟ, ಹಗ್ಗ ಹಿಡಿದು ಕಾಳು ತುಳಿಯದಂಗ ಸುತ್ತು ಹಾಕಿ ಎತ್ತು ನಡಸಿಕೊಂಡು ಹೋದ. ನನ್ನ ಗಟಾರಕ್ಕ ಕೆಡವಿದ ಮಂದೀನೇ ಇವರು! ಮನಷ್ಯಾಗಿಲ್ಲದ ಮರ್ಯಾದಿ ಕಾಳಿಗೆ ಕೊಡ್ತಾರಲ್ಲ ಅಂತ ಹೊಟ್ಟಿ ಉರೀತು. ಉರಿಯೋ ಹೊಟ್ಟಿಯಾಗೇ ವಿಚಾರ ಹೊಳೀತು.

ನನ್ನ ತವರು ಠಾಣಾ ಕುಶನೂರ. ಅಲ್ಲಿ ಮಾಧವರಾವ್ ಅನ್ನೋ ದೊಡ್ಡ ಒಕ್ಕಲುತನದವರ ಕಣದಾಗ ನಮ್ಮವ್ವ ಅನುಸೂಯಾಬಾಯಿ ದುಡೀತಿದ್ದಳು. ಕಾಳು ತೂರಿ ರಾಶಿ ಮಾಡಿದ ಮ್ಯಾಲ ಅದರ ಸುತ್ತ ಬೂದಿ ಗೆರಿ ಹಾಕ್ತಾರ. ಆ ಗೆರಿಯೊಳಗ ಚಪ್ಪಲಿ ಬರಂಗಿಲ್ಲ, ಗಾಲಿ ಬರಂಗಿಲ್ಲ. ಊರ ಹೊರಗಿನ ಕೇರಿಯವರಾದ ನಾವೂ ಬರಂಗಿಲ್ಲ. ಕೊಯ್ದಾಕಿ ಅವ್ವ, ಬಡದಾಕಿ ಅವ್ವ, ಆದ್ರ ರಾಶಿ ಆತಂದ್ರ ಆಕಿ ಗೆರಿ ಹೊರಗ ಸೆರಗೊಡ್ಡಿ ನಿಲ್ಲಬೇಕು. ಆಕಿ ಕೈ ಹಿಡಕೊಂಡು ನಾನೂ ನಿಂತೇನಿ. ಗೆರಿ ಏನು ಮಾಡ್ತದ ಅಂತ ನನಗ ಯಾರೂ ಕಲಸಬೇಕಾಗಿರಲಿಲ್ಲ.

ಮರುದಿನ ಬೆಳಗಾಗೂದ್ರಾಗ ಎರಡು ಬುಟ್ಟಿ ಬೂದಿ ತಗೊಂಡು ಸಡಕಿಗೆ ಬಂದೆ. ಆಗ ನಮ್ಮ ಕಡೆ ಬಂದಿದ್ದ ಅವ್ವ ಒಂದು ಬುಟ್ಟಿ ಹೊತ್ತಳು, ಆದ್ರ ಬಾಯಿ ಸುಮ್ಮನಿರಲಿಲ್ಲ. "ನಾವು ಬೌದ್ಧರಾಗಿ ಇದೆಲ್ಲ ಬಿಟ್ಟೇವಿ. ಮತ್ತ ಯಾಕ ಈ ಬೂದಿ?"

"ಪೂಜಾಕ್ಕಲ್ಲವ್ವ. ಅವರಿಗೆ ತಿಳಿಯೋ ಮಾತಿನಾಗ ಹೇಳ್ತೇನಿ, ಅಷ್ಟೇ."

ಗಂಜಿನ ಮಗ್ಗಲ ಎರಡು ಫರ್ಲಾಂಗು, ದಂಡಿಯಿಂದ ನಾಕು ಹೆಜ್ಜಿ ಬಿಟ್ಟು ಗೆರಿ ಎಳೆದೆ. ಪಂಢರಿ ಸೈಕಲ್ ಹಿಡಕೊಂಡು ಹಿಂದ ನಿಂತಿದ್ದರು, ಮಾರಲಿಕ್ಕೆ ಹೊಂಟವರಂಗ ಮಾರಿ ಮಾಡಿಕೊಂಡು.

ಮೊದಲು ಬಂದದ್ದು ಹದಿನೈದು ಬಂಡಿಯ ಸಾಲು. ಮುಂದಿನ ಬಂಡಿಯಾಗ ಯಾರು ಕೂತಿದ್ದರಂತೀರಿ? ಅದೇ ಮಾಧವರಾವ್. ಎತ್ತು ಗೆರಿ ತನಕ ಬಂದ್ವು, ಅವರು ಹಗ್ಗ ಜಗ್ಗಿದರು.

"ಸಡಕಿನ ಮ್ಯಾಲ ಯಾರ ರಾಶಿವಾ ಇದು?"

"ನಂದ್ರಿ."

"ಕಾಳೆಲ್ಲಿ ಅದ?"

"ಈ ದಂಡಿಗೆ ಹೋಗೋ ಜೀವಾನೇ ಕಾಳು ಅಂತ ತಿಳಕೊರಿ. ಸೈಕಲ್ಲಿನವರ ಜೀವ."

ಅವರ ಕಣ್ಣು ಅವ್ವನ ಮ್ಯಾಲ ಹೋತು. "ನೀ ಅನುಸೂಯಾ ಅಲ್ಲೇನು?" ಅಂದ್ರು. ಅವ್ವ ತಲಿ ಬಗ್ಗಿಸಿದಳು. ಅವರ ದನಿ ಒಮ್ಮೆಲೆ ಬಿಗಿ ಆತು. "ಇದೇನು ಖರೇ ರಾಶಿ ಅಲ್ಲ. ದಾಟಿದ್ರ ಏನು ಮಾಡ್ತಿ?"

"ಏನೂ ಮಾಡಂಗಿಲ್ರಿ, ದಾಟ್ರಿ" ಅಂದೆ. "ನಿಮ್ಮ ಗೆರಿ ನಾವು ಒಂದು ದಿನಾನೂ ದಾಟಲಿಲ್ಲ. ನಮ್ಮ ಗೆರಿ ನೀವು ದಾಟ್ತೀರೇನು, ಇವತ್ತು ನೋಡೇಬಿಡ್ತೇನಿ."

ಹಿಂದಿನ ಬಂಡಿಯವರು ಎದ್ದು ನಿಂತು ನೋಡಲಿಕ್ಕತ್ತಿದರು. ಹಮಾಲರೂ ಚೀಲ ಇಳಿಸಿ ನಿಂತರು, ಒಬ್ಬನೂ ನಗಲಿಲ್ಲ. ಮಾಧವರಾವ್ ಗೆರಿ ನೋಡಿದರು, ಅವ್ವನ್ನ ನೋಡಿದರು. ಆಮ್ಯಾಲ ಎತ್ತು ಸಡಕಿನ ನಡುವಿಗೆ ತಿರುಗಿಸಿದರು. ಹಿಂದಿನ ಹದಿನಾಲ್ಕು ಬಂಡಿ ಅವರ ಗಾಲಿ ಹಿಡಿದೇ ಹೋದ್ವು.

ಮುಂದ ಬೆಂಗಳೂರಿನಿಂದ ಮಂಜೂರಿ ಬಂದು ಅದೇ ಗೆರಿ ಮ್ಯಾಲ ಕಲ್ಲು ನೆಟ್ಟರು. ಅಲ್ಲೀತನಕ ದಿನಾ ಮುಂಜಾನಿ ಬೂದಿ ಹಾಕಿದವರು ಸೈಕಲ್ ಮಾರ್ತೇನಿ ಅಂದ ನನ್ನ ಗಂಡನೇ.

ಆದ್ರ ಆ ದಿನ ನಾ ಸೈಕಲ್ ಗೆರಿಯೊಳಗ ತಗೊಂಡು ಹಿಂದ ನೋಡ್ತೇನಿ, ಅವ್ವ ಖಾಲಿ ಬುಟ್ಟಿ ಹಿಡಕೊಂಡು ಗೆರಿ ಹೊರಗೇ ನಿಂತಾಳ.

"ಅವ್ವ, ಒಳಗ ಬಾ."

ಆಕಿ ಚಪ್ಪಲಿ ಬಿಡಲಿಕ್ಕೆ ಬಗ್ಗಿದಳು. ನನಗ ಅಳು ಬಂದುಬಿಡ್ತುರಿ, ಎರಡು ಸಲ ಬಿದ್ದಾಗ ಬರದ ಅಳು.

"ಬ್ಯಾಡವ್ವ. ಹಾಕ್ಕೊಂಡೇ ಬಾ."

ಬಗ್ಗಿದ ಅವ್ವ ಸೆಟದು ನಿಂತಳು. ಆಮ್ಯಾಲ ಚಪ್ಪಲಿ ಹಾಕ್ಕೊಂಡೇ ಗೆರಿ ದಾಟಿ ಬಂದಳು. ಆಕಿನ್ನ ಹಿಂದ ಕೂಡಿಸಿಕೊಂಡು ಗಂಜ ದಾಟಿಸಿದೆ. ಸಾಲಿ ಮುಟ್ಟಿದಾಗ ಗಂಟಿ ಇನ್ನೂ ಹೊಡದಿರಲಿಲ್ಲ.