ಕಡೆಗಣ್ಣು

"ಸ್ವಲ್ಪ ಬಲಕ್ಕೆ ತಿರುಗಿಸ್ರೋ, ಬಡೀತದೆ!" ಎಂದು ಓಸ್ವಿನ್ ಕೂಗುವಷ್ಟರಲ್ಲಿ ಶವಪೆಟ್ಟಿಗೆಯ ಮೂಲೆ ಚರ್ಚಿನ ಬಾಗಿಲಿಗೆ ಬಡಿದೇಬಿಟ್ಟಿತು. ಹೊತ್ತವರೆಲ್ಲ ಬಾರ್ಬಡೋಸಿನ ಸೇಂಟ್ ಲೂಸಿ ಕಡೆಯ ಕ್ರಿಕೆಟ್ ಕ್ಲಬ್ಬಿನವರು. ಒಳಗಿದ್ದವನು ಅವರ ಹಳೆಯ ಅಂಪೈರ್ ಕಾರ್ಲೈಲ್.

"ಬೇಜಾರಾಗ್ಬೇಡ ಇಡಲೀನಕ್ಕ," ಎಂದ ಓಸ್ವಿನ್. "ಪಕ್ಕದಲ್ಲಿರೋ ಬಾಗಿಲು ಬದುಕಿದ್ದಾಗ್ಲೂ ಇವನಿಗೆ ಕಾಣ್ತಿರಲಿಲ್ಲ."

ಕಾರ್ಲೈಲ್‌ನ ಹೆಂಡತಿ ಇಡಲೀನ್ ನಕ್ಕಳು, ನಗುತ್ತಲೇ ಅತ್ತಳು. ಮಗಳು ಮಾರ್ವೆಟ್ ನಗಲಿಲ್ಲ. ಅವಳು ಬಾಡಿಗೆ ವ್ಯಾನ್ ಓಡಿಸುತ್ತಾಳೆ. ನೋಟವನ್ನು ಅಂಚಿನಿಂದಲೇ ತಿನ್ನುತ್ತ ಬರುವ ಅಪ್ಪನ ಗ್ಲಾಕೋಮಾ ಮಕ್ಕಳಿಗೂ ಬರಬಹುದು, ಒಮ್ಮೆ ಪರೀಕ್ಷೆ ಮಾಡಿಸಿಕೋ ಎಂದು ತಾಯಿ ಅಂಗಲಾಚುತ್ತಲೇ ಇದ್ದಳು. "ಏನಾದ್ರೂ ಸಿಕ್ಕಿದ್ರೆ ಲೈಸೆನ್ಸ್ ಕಿತ್ಕೋತಾರೆ, ಸುಮ್ನಿರಮ್ಮ," ಎಂದು ಅವಳು ಜಾರಿಕೊಳ್ಳುತ್ತಿದ್ದಳು.

*

ಸ್ಕ್ವೇರ್ ಲೆಗ್‌ನಲ್ಲಿ ನಿಂತ ಅಂಪೈರ್ ಆಟ ಬಿಟ್ಟು ಅತ್ತಿತ್ತ ಕತ್ತು ತಿರುಗಿಸುವಂತಿಲ್ಲ. ಬೇಲಿಯ ಹತ್ತಿರ ಮೀನಿನ ವಡೆ ಮಾರುತ್ತಿದ್ದ ಇಡಲೀನ್‌ಳನ್ನು ಕಾರ್ಲೈಲ್ ಕಡೆಗಣ್ಣಿನಲ್ಲೇ ನೋಡಿ, ಕಡೆಗಣ್ಣಿನಲ್ಲೇ ಒಲಿಸಿಕೊಂಡಿದ್ದ. ಮದುವೆಯಾದ ಮೇಲೂ ಆ ನೋಟಕ್ಕಾಗಿಯೇ ಅವಳು ಅವನ ಪಕ್ಕ ಕೂರುತ್ತಿದ್ದಳು.

ಒಂದು ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಅವನನ್ನು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದರು. ನಡುವಿನ ಚುಕ್ಕಿಯಿಂದ ಕಣ್ಣು ಕೀಳಬಾರದು, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು.

"ಮಸುಕಾಗಿ ಕಂಡ್ರೂ ಒತ್ತಿ, ಸರ್," ಎಂದಳು ನರ್ಸ್.

"ಅನುಮಾನ ಇದ್ರೆ ನಾನು ಔಟ್ ಕೊಡಲ್ಲ, ಮಗಳೇ."

ಫಲಿತಾಂಶದ ಚಿತ್ರದ ಅಂಚು ಕಪ್ಪಾಗಿ ಬಂತು. ಮತ್ತೆ ಬನ್ನಿ ಎಂದರು ಡಾಕ್ಟರು. "ಆ ಕಪ್ಪು ಕಣ್ಣಿಂದಲ್ಲ, ನನ್ನ ನಿಯತ್ತಿಂದು!" ಎಂದು ಕ್ಲಬ್ಬಿನಲ್ಲಿ ನಗಿಸಿದನೇ ಹೊರತು ಮತ್ತೆ ಹೋಗಲಿಲ್ಲ.

ವರ್ಷಗಳು ಕಳೆದವು. ಜಗಲಿಯಲ್ಲಿ ಪಕ್ಕದಲ್ಲೇ ಕೂತಿದ್ದರೂ "ಇಡಲೀನ್, ಎಲ್ಲಿ ಹೋದ್ಯೇ?" ಎನ್ನತೊಡಗಿದ. ತನ್ನನ್ನು ಕಡೆಗಣಿಸುತ್ತಿದ್ದಾನೆ ಎಂದುಕೊಂಡು ಅವಳು ಮಾತು ಬಿಟ್ಟಳು. ಹೋಗಿದ್ದು ಕಡೆಗಣ್ಣು ಎಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಆ ಓರೆನೋಟ ಇನ್ನೊಂದು ಸಲ ಸಿಕ್ಕಿದ್ದರೆ ಸಾಕಿತ್ತು ಎಂದು ಅವಳ ಜೀವ ಈಗಲೂ ಹಂಬಲಿಸುತ್ತದೆ.

*

ಕೀರ್ತನೆ ಮುಗಿದು ಜನ ಸಮಾಧಿಯ ಗುಂಡಿಯ ಸುತ್ತ ನಿಂತರು. ಇಡಲೀನ್ ಮಗಳನ್ನು ಮರದಡಿಗೆ ಎಳೆದೊಯ್ದು ಎದುರು ನಿಂತಳು.

"ಒಂದು ಕಣ್ಣು ಮುಚ್ಕೊಂಡು ನನ್ನ ಮೂಗನ್ನೇ ನೋಡು. ಪಕ್ಕದಿಂದ ಬೆರಳು ತರ್ತೀನಿ, ಕಂಡ ತಕ್ಷಣ ಹೇಳು. ನರ್ಸ್ ಹೇಳ್ಕೊಟ್ಟಿದ್ದು."

"ಇಲ್ಲೇನಮ್ಮ? ಅಪ್ಪನ್ನ ಇನ್ನೂ ಮಣ್ಣು ಮಾಡಿಲ್ಲ."

"ಅವರು ಮಣ್ಣಿನ ಮೇಲಿರೋವಾಗ್ಲೇ ಆಗ್ಲಿ. ನನಗೋಸ್ಕರ."

ಮಾರ್ವೆಟ್ ನಿಟ್ಟುಸಿರುಬಿಟ್ಟು ಬಲಗಣ್ಣು ಮುಚ್ಚಿದಳು. ಬೆರಳು ಬಂತು.

"ಕಾಣ್ತು. ಆಯ್ತಾ?"

"ಇನ್ನೊಂದು."

ಅವಳು ಎಡಗಣ್ಣು ಮುಚ್ಚಿ ಕಾದಳು. ಓಸ್ವಿನ್ ಇವರನ್ನು ಕೂಗಿದ. ಮಾರ್ವೆಟ್‌ಗೆ ಬೆಳಿಗ್ಗೆಯಿಂದ ಬಾರದ ನಗು ಈಗ ಬಂತು.

"ಏನಮ್ಮ, ಬೆರಳು ತರೋದನ್ನೇ ಮರೆತ್ಯಾ?"

ಇಡಲೀನ್‌ಳ ಬೆರಳು ಆಗಲೇ ಮಗಳ ಕೆನ್ನೆಯ ಪಕ್ಕದಲ್ಲಿ ಅಲ್ಲಾಡುತ್ತಿತ್ತು.