ಗಾದಿಯ ಮೇಲಿನ ಲ್ಯಾಪ್‌ಟಾಪ್

"ಮತ್ತ ಬಂದ್ ಬಿತ್ತು ನೋಡು!" ಎಂದು ಶಾಂತಲಿಂಗಪ್ಪನವರು ಅಂಗಡಿಯ ಗಾದಿಯಿಂದಲೇ ಕೂಗಿದರು. ಸೊಸೆ ಪೂನಮ ಓಡಿ ಬಂದಳು. ಪರದೆ ಕಪ್ಪಾಗಿತ್ತು, ಲ್ಯಾಪ್‌ಟಾಪ್ ಮುಟ್ಟಿದರೆ ಒಲೆಯಿಂದ ಆಗಷ್ಟೇ ಇಳಿಸಿದ ಹಂಚಿನಂತಿತ್ತು.

ತವರೂರು ನಾಗಣಸೂರಿನಿಂದ ವಿಜಾಪುರ ರಸ್ತೆಯ ಈ ಚಾದರದ ಅಂಗಡಿಗೆ ಅವಳು ಸೊಸೆಯಾಗಿ ಬಂದು ಒಂದು ವರ್ಷ. ತವರಿನಿಂದ ತಂದ ಎಂಟು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲಿ ಚಾದರದ ಅಂಚಿಗೆ ಡಿಸೈನ್ ಬರೆಯುತ್ತಿದ್ದಳು. ವಿಂಡೋಸ್ ಹಳತಾಗಿ ಅಪ್‌ಡೇಟ್ ನಿಂತಿದ್ದರಿಂದ ಹೋದ ಗುರುವಾರ ತಾನೇ ಕೂತು ಲಿನಕ್ಸ್ ಹಾಕಿದ್ದಳು. ಅಂದಿನಿಂದ ಈ ಕಾಟ. ಇವತ್ತು ನಾಲ್ಕು ಗಂಟೆಗೆ ಕಲಬುರಗಿಯ ವ್ಯಾಪಾರಿ ಬರುವವರಿದ್ದರು. ಅವಳ ಜೋಳದ ತೆನೆಯ ಅಂಚನ್ನು ಅವರಿಗೆ ತೋರಿಸಬೇಕಿತ್ತು.

"ಚಲೋ ಇದ್ದದ್ದನ್ನ ಯಾಕ ಬದಲ್ ಮಾಡಿದಿ ಮಗಳ? ಇವತ್ತ ಆಗಲಿಲ್ಲಂದ್ರ ಡಿಜೈನಿನ ಕೆಲಸ ಮೊದಲಿನಂಗ ನಮ್ಮ ಹಳೇ ಡಿಜೈನರ್ ಅಂಬಾದಾಸಗೇ ಕೊಟ್ಟಬಿಡೂಣು."

ಮಾವ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಲ್ಯಾಪ್‌ಟಾಪನ್ನು ಅಡುಗೆಮನೆಗೆ ಒಯ್ದು ಕಡಪಾ ಕಲ್ಲಿನ ಕಟ್ಟೆಯ ಮೇಲಿಟ್ಟಳು. ಯಾವ ಪ್ರೋಗ್ರಾಂ ಜಾಸ್ತಿ ದುಡಿಯುತ್ತಿದೆ ಎಂದು ಒಂದೊಂದಾಗಿ ನೋಡಿದಳು. ಎಲ್ಲವೂ ಸಾಧು. ಒಂದು ತಾಸಾದರೂ ಬಿಸಿಯಾಗಲಿಲ್ಲ. ಖುಷಿಯಿಂದ ತಂದು ಗಾದಿಯ ಮೇಲಿಟ್ಟರೆ ಇಪ್ಪತ್ತೇ ನಿಮಿಷಕ್ಕೆ ಫ್ಯಾನು ಅರಚತೊಡಗಿತು. ಸಿಟ್ಟಿಗೆದ್ದು ಅದನ್ನು ಮಗುಚಿದಳು. ಗಾಳಿಯ ಸಂದಿಗಳಲ್ಲಿ ಕೆಂಪು, ಹಸಿರು ನೂಲಿನ ಎಳೆಗಳು ಸಿಕ್ಕಿಕೊಂಡಿದ್ದವು.

ಅವಳಿಗೆ ಥಟ್ಟನೆ ಹೊಳೆಯಿತು. ಗುರುವಾರದವರೆಗೆ ಅದು ಗಾಜಿನ ಕೌಂಟರಿನ ಮೇಲಿತ್ತು. "ಹೊಸಾದು ಹಾಕಿದಿ ಅಂದ್ರ ಅದೂ ಹೊಸಾದೇ ಆತು" ಎಂದು ಅತ್ತೆ ಲೀಲಾಬಾಯಿಯವರು ಕುಂಕುಮ ಹಚ್ಚಿ, ಗಾದಿಯ ಮೇಲೆ ಹೊಸ ಚಾದರವನ್ನು ನಾಲ್ಕು ಮಡಿಕೆ ಹಾಸಿ ಕೂರಿಸಿದ್ದರು. ಅಷ್ಟು ಪ್ರೀತಿಯಿಂದ ಹಾಸಿದ್ದನ್ನು ಎಳೆಯುವುದು ಹೇಗೆ?

"ಅತ್ತಿ, ಇದು ಕೆಳಗಿಂದ ಉಸರಾಡತದರಿ," ಎಂದಳು ಕೊನೆಗೆ, ಮೆಲ್ಲಗೆ.

ಲೀಲಾಬಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಶಾಂತಲಿಂಗಪ್ಪನವರು ಹೊಟ್ಟೆ ಕುಣಿಯುವಂತೆ ನಕ್ಕರು. "ಬೆಚ್ಚಗಿರತದ ಅಂತ ಊರಿಗೆಲ್ಲಾ ಚಾದರ ಮಾರಾವ್ರು ನಾವು! ನಮಗೇ ತಿಳೀಲಿಲ್ಲ ನೋಡು."

ಪೂನಮ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆಗಳನ್ನು ತೆಗೆದು, ಲ್ಯಾಪ್‌ಟಾಪನ್ನು ಮತ್ತೆ ಕೌಂಟರಿಗೆ ಒಯ್ಯಲು ಎತ್ತಿಕೊಂಡಳು.

"ತಡಿ, ಗಾದಿ ಮ್ಯಾಲಿಂದ ಇಳಸಬ್ಯಾಡ," ಎಂದು ಲೀಲಾಬಾಯಿ ಒಳಗೆ ಹೋಗಿ ಚಪಾತಿ ಲಟ್ಟಿಸುವ ಮಣೆ ತಂದರು. ಅದಕ್ಕೆ ಮೂರು ಗಿಡ್ಡ ಕಾಲುಗಳಿದ್ದವು. ಲ್ಯಾಪ್‌ಟಾಪ್ ಅದರ ಮೇಲೆ ಹಾಯಾಗಿ ಕೂತಿತು.

ನಾಲ್ಕಕ್ಕೆ ಬಂದ ವ್ಯಾಪಾರಿ ಒಂದು ತಾಸು ಡಿಸೈನುಗಳನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದರು. ಫ್ಯಾನು ತಣ್ಣಗಿತ್ತು. "ಈ ತೆನಿದೇ ಹಾಕ್ರಿ. ಯಾರು ಬರದಾರ್ರೀ?"

"ನಮ್ಮ ಸೊಸಿ," ಎಂದರು ಶಾಂತಲಿಂಗಪ್ಪನವರು. "ಇನ್ನ ಮ್ಯಾಲ ಎಲ್ಲಾ ಆಕಿನೇ ಬರೀತಾಳ." ಕದದ ಹಿಂದೆ ನಿಂತಿದ್ದ ಪೂನಮಳಿಗೆ ಎದೆ ತುಂಬಿ ಬಂತು.

ಸಂಜೆ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿ ಶಾಂತಲಿಂಗಪ್ಪನವರು ಇಣುಕಿದರು. "ಇವತ್ತ ಚಪಾತಿ ಅಂದಿದ್ದಿ?"

"ಚಪಾತಿ ಮಣಿ ಅಂಗಡ್ಯಾಗ ಕೆಲಸಕ್ಕ ಹೋಗ್ಯದ," ಎಂದು ಲೀಲಾಬಾಯಿ ಇನ್ನೊಂದು ರೊಟ್ಟಿಗೆ ಹಿಟ್ಟು ಮುರಿದುಕೊಂಡರು.