ಮಂಜು ಕಡಿದ ನೂಲು

ಅಂದು ಬೆಳಗ್ಗೆ ಚಿಂತಾಮಣಿಯ ನಮ್ಮ ಬೀದಿಗೆ ಹಾಲಿನಂಥ ಮಂಜು ಇಳಿದಿತ್ತು. ಎದುರು ಮನೆಯ ಗೇಟೂ ಕಾಣುತ್ತಿರಲಿಲ್ಲ.

ನಾನು ಒಂದು ಕಾವಲು ಸೆನ್ಸರ್. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ನಾವು ಜೋಡಿ. ಕಣ್ಣಿಗೆ ಕಾಣದ ಕಿರಣವೊಂದನ್ನು ನಾನು ಬಿಡುತ್ತೇನೆ. ಕಾಂಪೌಂಡಿನ ಆ ತುದಿಯಲ್ಲಿರುವ ನನ್ನ ಜೊತೆಗಾತಿ ಅದನ್ನು ಹಿಡಿಯುತ್ತಾಳೆ. ನಡುವೆ ಯಾರಾದರೂ ದಾಟಿದರೆ ನೂಲು ಕಡಿದಂತೆ, ಸೈರನ್ ಕೂಗುತ್ತದೆ. ದಾಟಿದವರು ಯಾರೆಂದು ಮಾತ್ರ ನಮಗೆ ತಿಳಿಯದು.

ಅನಸೂಯಮ್ಮನವರು ನಮ್ಮನ್ನು ತಂದದ್ದು ಚಿನ್ನ ಕಾಯಲು ಅಲ್ಲ, ನಂದಿಬಟ್ಟಲು ಹೂವು ಕಾಯಲು. ದಿನಾ ಬೆಳಕು ಹರಿಯುವಷ್ಟರಲ್ಲಿ ಯಾರೋ ಗಿಡ ಬೋಳಿಸಿ, ಅವರ ದೇವರಿಗೆ ಹೂವೇ ಇಲ್ಲದಂತಾಗುತ್ತಿತ್ತು.

ಆ ಮಂಜಿನಲ್ಲಿ ಸೈರನ್ ಕೂಗಿತು. ಅನಸೂಯಮ್ಮ ಓಡಿ ಬಂದರೆ, ಗೋಡೆಯಾಚೆ ಪಕ್ಕದ ಮನೆಯ ಅಶ್ವತ್ಥಕ್ಕ ಬುಟ್ಟಿ ಹಿಡಿದು ನಿಂತಿದ್ದರು.

"ಸಿಕ್ಕಿಬಿದ್ಯಲ್ಲ ಅಶ್ವತ್ಥಕ್ಕ! ಕದ್ದ ಹೂವೇ ದೇವ್ರಿಗಿಷ್ಟ ಅಂತ ಯಾರು ಹೇಳ್ಕೊಟ್ರು?"

"ಅಯ್ಯೋ, ಗುಡಿ ಹತ್ರ ಕಣಗಿಲೆ ಬಿಡಿಸೋಕೆ ಹೊಂಟೆ ಕಣಮ್ಮ. ಬುಟ್ಟಿ ನೋಡು, ಖಾಲಿ!"

"ಮಿಷೀನು ಸುಳ್ಳು ಹೇಳ್ತದಾ?" ಎಂದು ಅನಸೂಯಮ್ಮ ಬುಟ್ಟಿ ಕಿತ್ತುಕೊಂಡರು.

"ಇಟ್ಕೋ ತಾಯಿ. ಇನ್ಮೇಲೆ ಮಿಷೀನ್ ಜೊತೇಲೇ ಭಜನೆಗೋಗು."

ಇಪ್ಪತ್ತು ವರ್ಷದಿಂದ ಶನಿವಾರದ ಭಜನೆಯಲ್ಲಿ ಇವರಿಬ್ಬರಲ್ಲಿ ಒಬ್ಬರು ಎತ್ತಿದ ಪದವನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಆ ಶನಿವಾರ ಅನಸೂಯಮ್ಮ ಎತ್ತಿದ ಪದ ಅರ್ಧಕ್ಕೇ ನಿಂತಿತಂತೆ. ಜೋಡಿಯಾಗಿ ಹುಟ್ಟಿದ ನನಗೆ ಆ ಸಂಕಟ ಗೊತ್ತು.

ಹತ್ತು ದಿನದ ಮೇಲೆ ಮತ್ತೆ ಮಂಜು ಮುಸುಕಿತು, ಮತ್ತೆ ಸೈರನ್ ಕೂಗಿತು. ಹೊರಗೆ ನರಪಿಳ್ಳೆಯೂ ಇಲ್ಲ. ನಮ್ಮನ್ನು ಕೂರಿಸಿದ್ದ ಫಯಾಜ್ ಬಂದು ಗಾಜಿನ ಇಬ್ಬನಿ ಒರೆಸಿ ನಕ್ಕ.

"ದಟ್ಟ ಮಂಜಿಗೂ ಕಿರಣ ಕಡೀತದೆ ಅಮ್ಮ. ಹಾಕೋವಾಗ್ಲೇ ಹೇಳಿದ್ನಲ್ಲ? ನೀವು ಹೂವಿನ ಮಾತಲ್ಲೇ ಇದ್ರಿ."

ಅನಸೂಯಮ್ಮ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು.

ಅದಾಗಿ ವರ್ಷಗಳೇ ಕಳೆದಿವೆ. ಈಗ ನನ್ನ ಗಾಜು ಹಳದಿಯಾಗಿದೆ, ಬೆನ್ನಿಗೆ ಕಣಜ ಗೂಡು ಕಟ್ಟಿದೆ. ಬೆಳಗಿನ ಹೊತ್ತು ಅಮ್ಮ ನನ್ನನ್ನು ಆರಿಸಿಯೇ ಇಡುತ್ತಾರೆ. ಯಾರ ಮನೆ ದೇವರಿಗೆ ಹೋದರೂ ಹೂವು ಹೂವೇ ಎನ್ನುತ್ತಾರೆ. ಕಡಿದದ್ದನ್ನು ಕೂಗಿ ಹೇಳುವುದಷ್ಟೇ ನನ್ನ ವಿದ್ಯೆ. ಕೂಡಿಸುವ ವಿದ್ಯೆಯನ್ನು ಕಂಡದ್ದು, ಫಯಾಜ್ ಬಂದುಹೋದ ಮರುದಿನ.

ಆ ಬೆಳಗ್ಗೆ ಅಮ್ಮ ಮೊದಲು ನನ್ನ ಸ್ವಿಚ್ ಆರಿಸಿದರು. ಗಿಡದ ಹೂವನ್ನೆಲ್ಲ ಬಿಡಿಸಿ, ಅಂದು ಕಿತ್ತುಕೊಂಡಿದ್ದ ಬುಟ್ಟಿಗೆ ತುಂಬಿ, ಗೋಡೆಯ ಬಳಿ ನಿಂತರು. ಅಶ್ವತ್ಥಕ್ಕ ಬಂದರು.

"ಏನಮ್ಮ, ಇವತ್ತು ಮಿಷೀನು ಕೂಗ್ಲೇ ಇಲ್ಲ?"

ಅಮ್ಮ ತಲೆ ತಗ್ಗಿಸಿ, ಬುಟ್ಟಿಯನ್ನು ಗೋಡೆ ದಾಟಿಸಿ ಅವರ ಕೈಗಿತ್ತರು.